ಲಿಫ್ಟ್ ಆದಮೇಲೆ ಜಿಪ್ಸಿಯ ಹಿಂದಿನ ಚಕ್ರ ನೆಲ ಬಿಡುವುದು: ಪ್ರತಿಕ್ರಿಯೆ

ಜಿಪ್ಸಿಗೆ ಎರಡು ಇಂಚು ಲಿಫ್ಟ್ ಹಾಕಿಸಿದ ಮೇಲೆ, ಅಂದರೆ ಸ್ಪ್ರಿಂಗ್ ಎತ್ತರಿಸಿ ಗಾಡಿಯನ್ನು ಮೇಲೆತ್ತಿಸಿದ ಮೇಲೆ, ಓರೆ ಹಳ್ಳದಲ್ಲಿ ಹಿಂದಿನ ಚಕ್ರ ಗಾಳಿಯಲ್ಲಿ ನಿಲ್ಲುತ್ತಿದ್ದರೆ, ಬಹುಮಟ್ಟಿಗೆ ಕಾರಣ ಹಳೆಯ ಅಳತೆಯ ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಎತ್ತರವಾಯಿತು, ಶಾಕ್ ಉದ್ದವಾಗಲಿಲ್ಲ. ಆಕ್ಸಲ್ (ಎರಡೂ ಚಕ್ರಗಳನ್ನು ಹೊರುವ ಅಡ್ಡದಂಡ) ಪೂರ್ತಿ ಇಳಿಯುವ ಮೊದಲೇ ಶಾಕ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಗಾಡಿ ನೋಡದೆ ಖಚಿತ ಹೇಳಲಾಗದು, ಹಾಗಾಗಿ ಮೊದಲು ಪರೀಕ್ಷಿಸಿ. ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಚಾಸಿಯನ್ನು (ಗಾಡಿಯ ಚೌಕಟ್ಟನ್ನು) ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಆಕ್ಸಲ್ ಅಡಿಗೆ ಜ್ಯಾಕ್ ಇಟ್ಟು ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ನಿಧಾನವಾಗಿ ಇಳಿಸಿ. ಇಳಿಸುವಾಗ ಚಾಸಿಯಿಂದ ಆಕ್ಸಲ್‌ಗೆ ಬರುವ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ) ಮೇಲೆ ಕಣ್ಣಿರಲಿ. ಅದು ಬಿಗಿದರೆ ಅಲ್ಲೇ ನಿಲ್ಲಿಸಿ, ಮೊದಲು ಉದ್ದದ ಹೋಸ್ ಹಾಕಿಸಿ. ಇದರಲ್ಲಿ ಉದಾಸೀನ ಬೇಡ, ಹಳ್ಳದ ನಡುವೆ ಹೋಸ್ ಹರಿದರೆ ಹಿಂದಿನ ಚಕ್ರಗಳ ಬ್ರೇಕ್ ಇರುವುದಿಲ್ಲ.

ಶಾಕ್ ಬಿಚ್ಚಿದ ಮೇಲೆ ಆಕ್ಸಲ್ ಇನ್ನೂ ಇಳಿದರೆ ಉದ್ದದ ಶಾಕ್ ಬೇಕು. ಆದರೆ ಆಕ್ಸಲ್ ಮೇಲೇರಿ ಬಂಪ್ ಸ್ಟಾಪ್ (ಅದನ್ನು ತಡೆಯುವ ರಬ್ಬರ್ ದಿಮ್ಮಿ) ಮುಟ್ಟುವ ಹೊತ್ತಿಗೆ ಶಾಕ್ ಪೂರ್ತಿ ಮುಚ್ಚಿಕೊಳ್ಳಬಾರದು. ಆಕ್ಸಲ್ ಪೂರ್ತಿ ಇಳಿದಾಗಿನ ಮತ್ತು ಬಂಪ್ ಸ್ಟಾಪ್ ಮುಟ್ಟಿದಾಗಿನ ಎರಡೂ ಅಳತೆ ಬರೆದುಕೊಂಡೇ ಅಂಗಡಿಗೆ ಹೋಗಿ.

ಶಾಕ್ ಬಿಚ್ಚಿದರೂ ಆಕ್ಸಲ್ ಇಳಿಯದಿದ್ದರೆ ತೊಂದರೆ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್‌ನಲ್ಲೇ: ಲಿಫ್ಟ್‌ಗೆಂದು ಸೇರಿಸಿದ ಹೆಚ್ಚುವರಿ ಪ್ಲೇಟ್, ಪ್ಲೇಟುಗಳ ನಡುವಿನ ತುಕ್ಕು, ಅಥವಾ ಅಲುಗದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ). ತುಕ್ಕು ಉಜ್ಜಿ ಗ್ರಾಫೈಟ್ ಗ್ರೀಸ್ ಹಚ್ಚಿಸಿ. ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಚಕ್ರಗಳ ಮೇಲೆ ನಿಂತಾಗಲೇ ಕೊನೆಯ ಬಿಗಿ ಮಾಡಿ, ಇಲ್ಲವಾದರೆ ಬೋಲ್ಟ್ ಸುತ್ತಲಿನ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.