ದೊಡ್ಡಪ್ಪನ ಮೆಸೇಜು ಡಿಲೀಟ್ ಮಾಡಬಹುದಾ?

ಪ್ರಶ್ನೆ: ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ನಾನೇ ಅಡ್ಮಿನ್. ಯಾರೋ ಸಲಿಂಗ ಮದುವೆಯ ಸುದ್ದಿಯೊಂದನ್ನು ಹಾಕಿದರು. ದೊಡ್ಡಪ್ಪ 'ಇದು ಪಾಪ, ನಮ್ಮ ಧರ್ಮ ಒಪ್ಪಲ್ಲ' ಎಂದು ಬರೆದರು. ನನ್ನ ತಂಗಿ 'ಹೀಗೆ ಬರೆಯೋದು ಕ್ರೈಂ, ಸ್ಟೇಷನ್ನಿಗೆ ದೂರು ಕೊಡ್ತೀನಿ' ಅಂದಳು. ಮಾತಿಗೆ ಮಾತು ಬೆಳೆಯಿತು. ದೊಡ್ಡಪ್ಪ 'ನಮ್ಮಲ್ಲೂ ಒಬ್ಬ ಇದ್ದಾನೆ, ಬೆಂಗಳೂರಲ್ಲಿ. ಮೂವತ್ತಾದ್ರೂ ಮದುವೆ ಬೇಡ ಅಂತಾನೆ' ಎಂದು ಹಾಕಿಬಿಟ್ಟರು. ಯಾರೆಂದು ಗ್ರೂಪಿನ ಅರವತ್ತು ಜನಕ್ಕೂ ಗೊತ್ತಾಯಿತು. ದೊಡ್ಡಪ್ಪ ಬರೆದದ್ದು ಅಪರಾಧವೇ? ಅಳಿಸಿದರೆ ಅವರ ವಾಕ್ ಸ್ವಾತಂತ್ರ್ಯ ಕಿತ್ತುಕೊಂಡ ಹಾಗಾಗುತ್ತಾ?
– ಹೆಸರು ಬೇಡ, ತುಮಕೂರು

ವಕೀಲರ ಉತ್ತರ: ನಿಮ್ಮ ದೊಡ್ಡಪ್ಪ ಬರೆದದ್ದು ಎರಡು ಮೆಸೇಜು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

'ಇದು ಪಾಪ' ಅನ್ನುವುದು ಅವರ ನಂಬಿಕೆ. ನನಗದು ಒಪ್ಪಿಗೆಯಿಲ್ಲ, ಆದರೆ ಅಪರಾಧವಂತೂ ಅಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅದನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನಿಂದ ಹೊರಗಿಟ್ಟಿತು. ಅದನ್ನು ಪಾಪ ಅನ್ನುವವರನ್ನು ಜೈಲಿಗೆ ಹಾಕಿ ಎಂದೇನೂ ಹೇಳಲಿಲ್ಲ. ಆ ಕೇಸಿನಲ್ಲೇ ಕೆಲವು ಕ್ರೈಸ್ತ ಸಂಘಟನೆಗಳು ವಿರೋಧಿಸಿ ವಾದ ಮಾಡಿದ್ದವು. ಕೋರ್ಟು ಕೇಳಿಸಿಕೊಂಡಿತು, ಆಮೇಲೆ ಒಪ್ಪಲಿಲ್ಲ.

ನಿಮ್ಮ ತಂಗಿಗೆ ಇನ್ನೊಂದು ಕಥೆ ಹೇಳಿ. ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಸೆಕ್ಷನ್ ಇತ್ತು. ಆನ್‌ಲೈನಲ್ಲಿ ಬರೆದದ್ದು ಇನ್ನೊಬ್ಬರಿಗೆ ಕಿರಿಕಿರಿ ಮಾಡಿದರೂ ಮೂರು ವರ್ಷದವರೆಗೆ ಜೈಲು. 2012ರಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತಲ್ಲ, ಅದನ್ನು ಪ್ರಶ್ನಿಸಿ ಪಾಲ್ಘರದ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. 2015ರಲ್ಲಿ ಸುಪ್ರೀಂ ಕೋರ್ಟು ಆ ಸೆಕ್ಷನ್ನನ್ನೇ ರದ್ದು ಮಾಡಿತು. ಚರ್ಚೆ ಮಾಡುವುದು, ಒಂದು ಪಕ್ಷ ಹಿಡಿದು ವಾದಿಸುವುದು, ಜನರನ್ನು ಕೆರಳಿಸಿ ಛೂ ಬಿಡುವುದು – ಮೂರೂ ಬೇರೆ ಬೇರೆ ಅಂದಿತು. ಮೊದಲೆರಡು ಎಷ್ಟೇ ಕಹಿಯಾದರೂ ತಡೆಯುವಂತಿಲ್ಲ. ದೊಡ್ಡಪ್ಪ 'ಇಂಥವರನ್ನು ಕಂಡಲ್ಲಿ ಹೊಡೀರಿ' ಎಂದಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು.

ಈಗ ಎರಡನೇ ಮೆಸೇಜಿಗೆ ಬರೋಣ. ನನಗೆ ಚಿಂತೆ ಇರುವುದು ಇದರದ್ದೇ. ಹೆಸರಿಲ್ಲ, ನಿಜ. ಆದರೆ 'ಬೆಂಗಳೂರು', 'ಮೂವತ್ತು' – ಮನೆಯವರಿಗೆ ಇಷ್ಟು ಸಾಕಲ್ವಾ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲಿ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಲೈಂಗಿಕ ಒಲವೂ ಅದರೊಳಗೆ ಬರುತ್ತದೆ ಎಂದು ಅದೇ ತೀರ್ಪಿನಲ್ಲಿದೆ. ದೊಡ್ಡಪ್ಪನ ಊಹೆ ಸರಿಯೋ ತಪ್ಪೋ ಎಂಬುದು ಇಲ್ಲಿ ಬೇಕಾಗಿಯೇ ಇಲ್ಲ. ಹೇಳುವುದಿದ್ದರೆ ಆ ಹುಡುಗ ಹೇಳಬೇಕು, ಬೇಡವೆನಿಸಿದರೆ ಸುಮ್ಮನಿರಬೇಕು.

ಹಾಗಾಗಿ ಎರಡನೆಯದನ್ನು ಇವತ್ತೇ ಅಳಿಸಿ. ಅಡ್ಮಿನ್ ಅಳಿಸಿದ್ದಾರೆ ಅಂತ ಗ್ರೂಪಿನಲ್ಲಿ ಕಾಣುತ್ತೆ. ಕಾಣಲಿ. 'ಛೇ, ಅವನು ಹಾಗಲ್ಲ' ಎಂದು ಮಾತ್ರ ಯಾರೂ ಅವನ ಪರ ವಹಿಸಿಕೊಂಡು ಬರೆಯಬೇಡಿ. ಅದೂ ಅವನ ಬಾಯಿಂದ ಮಾತು ಕಿತ್ತುಕೊಂಡ ಹಾಗೆಯೇ. 'ನಿಜವಾ?' ಅಂತಲೂ ಕೇಳಬೇಡಿ. ಒಂದು ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ, ಮೆಸೇಜು ತೆಗೆದಿದ್ದೀನಿ ಅಂತ ಹೇಳಿ.

ಮೊದಲನೆಯದನ್ನೂ ನೀವು ಅಳಿಸಬಹುದು, ಗ್ರೂಪು ನಿಮ್ಮದೇ. ದೊಡ್ಡಪ್ಪ ಬೇಕಾದರೆ ತಮ್ಮ ಫೇಸ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಆದರೆ ನಾನಾಗಿದ್ದರೆ ಬಿಡುತ್ತಿದ್ದೆ. ಅದರ ಕೆಳಗೆ ತಂಗಿ ಜವಾಬು ಬರೆಯಲಿ, ಸ್ಟೇಷನ್ನಿನ ಮಾತು ಬಿಟ್ಟು. ಎದುರು ಮಾತಾಡಿದ ಕೂಡಲೇ 'ನನ್ನ ಬಾಯಿ ಮುಚ್ಚಿಸಿದರು' ಅನ್ನುವ ಹಿರಿಯರು ನಮ್ಮಲ್ಲಿ ಜಾಸ್ತಿ. ಅವಳ ಜವಾಬೂ ಅದೇ ವಾಕ್ ಸ್ವಾತಂತ್ರ್ಯ ತಾನೇ?

ಅಡ್ಮಿನ್ ಅಂತ ನೀವು ಹೆದರಬೇಕಿಲ್ಲ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟು ಹೇಳಿದೆ.

ದೊಡ್ಡಪ್ಪನ ಜೊತೆ ಮಾತಾಡುವುದಿದ್ದರೆ ಮನೆಗೇ ಹೋಗಿ. ಅರವತ್ತು ಜನರ ಮುಂದೆ 'ತಪ್ಪಾಯ್ತು' ಅಂದ ದೊಡ್ಡಪ್ಪನನ್ನು ನಾನಿನ್ನೂ ನೋಡಿಲ್ಲ.