ಹವಾಮಾನದ ಜಾಥಾಕ್ಕೆ ಹೋಗಿ ಏನು ಪ್ರಯೋಜನ?

ನೀವು ಕೇಳಿದ್ದು ಇಷ್ಟು: ನಿಮ್ಮ ಬಡಾವಣೆಯಲ್ಲಿ ಹವಾಮಾನ ಬದಲಾವಣೆ ಮತ್ತು ವಿದ್ಯುತ್ ಉಳಿತಾಯದ ಬಗ್ಗೆ ಜಾಥಾ ಇಟ್ಟುಕೊಂಡಿದ್ದಾರೆ. ನೂರಿನ್ನೂರು ಜನ ಘೋಷಣೆ ಕೂಗಿದರೆ ಭೂಮಿಯ ಬಿಸಿ ಇಳಿಯುತ್ತಾ, ಅದಕ್ಕೋಸ್ಕರ ಒಂದು ರಜೆ ಹಾಳು ಮಾಡಿಕೊಳ್ಳಬೇಕಾ ಅಂತ.

ಹೋಗಿ ಅಂತಲೇ ನಾನು ಹೇಳುವುದು. ಆದರೆ ಮೆರವಣಿಗೆ ಮುಗಿದ ಕೂಡಲೇ ಮನೆಗೆ ಹೊರಟುಬಿಡಬೇಡಿ. ಕೆಲಸಕ್ಕೆ ಬರುವ ಮಾತು ಶುರುವಾಗುವುದೇ ಆಮೇಲೆ.

ನಾನು ಹೋಗಿದ್ದ ಜಾಥಾದಲ್ಲೂ ನಡಿಗೆ, ಘೋಷಣೆ, ಭಾಷಣ ಎಲ್ಲಾ ಇತ್ತು. ಭಾಷಣ ಸ್ವಲ್ಪ ಉದ್ದವಾಯಿತು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಮೈದಾನದ ಮೂಲೆಯಲ್ಲಿದ್ದ ಒಂದು ಮೇಜು. ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಅಲ್ಲಿ ಒಂದು ಎಕ್ಸ್‌ಟೆನ್ಷನ್ ಬೋರ್ಡು, ಎಷ್ಟು ವಾಟ್ ಎಳೆಯುತ್ತಿದೆ ಎಂದು ತೋರಿಸುವ ಪುಟ್ಟ ಮೀಟರು, ಒಂದು ಟಿವಿ, ಸೆಟ್‌ಟಾಪ್ ಬಾಕ್ಸು ಇಟ್ಟುಕೊಂಡು ನಿಂತಿದ್ದರು. ರಿಮೋಟ್ ಒತ್ತಿ ಎರಡನ್ನೂ ಆರಿಸಿದರು. ಪರದೆ ಕಪ್ಪಾಯಿತು. ಮೀಟರು ಮಾತ್ರ ಹತ್ತರ ಆಸುಪಾಸಿನಲ್ಲೇ ನಿಂತಿತ್ತು.

‘ಆಫ್ ಆಗಿದೆಯಲ್ಲ ಅಂಕಲ್?’ ಅಂದಳು ಮುಂದೆ ನಿಂತಿದ್ದ ಹುಡುಗಿ.

‘ಮಲಗಿದೆ ಅಷ್ಟೇ ಕಣಮ್ಮ, ಆಫ್ ಆಗಿಲ್ಲ’ ಎಂದು ಅವರು ಬೋರ್ಡಿನ ಸ್ವಿಚ್ಚನ್ನೇ ಆರಿಸಿದರು. ಮೀಟರು ಸೊನ್ನೆಗೆ ಇಳಿಯಿತು. ಸುತ್ತ ನಿಂತಿದ್ದವರೆಲ್ಲ ಮನಸ್ಸಿನಲ್ಲೇ ತಮ್ಮ ಮನೆಯ ಪ್ಲಗ್‌ಗಳನ್ನು ಎಣಿಸತೊಡಗಿದ್ದು ಮುಖದಲ್ಲೇ ಗೊತ್ತಾಗುತ್ತಿತ್ತು.

ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಸಾವಿರ ವಾಟ್‌ನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್. ಬರೀ 10 ವಾಟ್ ಹಗಲೂ ರಾತ್ರಿ ಎಳೆಯುತ್ತಲೇ ಇದ್ದರೆ ವರ್ಷಕ್ಕೆ ಸುಮಾರು 88 ಯೂನಿಟ್ ಆಗುತ್ತದೆ. ಯಾರೂ ಟಿವಿ ನೋಡದೆಯೇ! ಆಮೇಲೆ 60 ವಾಟ್‌ನ ಹಳೇ ಬಲ್ಬನ್ನೂ 9 ವಾಟ್‌ನ ಎಲ್‌ಇಡಿಯನ್ನೂ ಅಕ್ಕಪಕ್ಕ ಹೊತ್ತಿಸಿದರು. ಬೆಳಕು ಹೆಚ್ಚುಕಡಿಮೆ ಒಂದೇ. ಹಳೇ ಬಲ್ಬಿನ ಹತ್ತಿರ ಕೈ ಹಿಡಿದರೆ ಸುಡುತ್ತಿತ್ತು. ಅದಕ್ಕೆ ಕೊಟ್ಟ ಕರೆಂಟಿನಲ್ಲಿ ಬಹುಪಾಲು ಹೋಗುವುದು ಶಾಖಕ್ಕೇ.

ಅಲ್ಲಿ ಕೇಳಿದ್ದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಬಿಸಿನೀರಿನ ಲೆಕ್ಕ. 20 ಲೀಟರ್ ನೀರನ್ನು 20 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವಾಟ್‌ನ ಎಲ್‌ಇಡಿ 50 ಗಂಟೆ ಉರಿಯುತ್ತದೆ. ನಾವು ಮಕ್ಕಳಿಗೆ ಲೈಟ್ ಆರಿಸು ಅಂತ ಗದರುತ್ತೇವೆ, ಗೀಸರ್ ಆನ್ ಮಾಡಿ ಮರೆತುಬಿಡುತ್ತೇವೆ. ಲೈಟ್ ಆರಿಸುವುದು ಬೇಡ ಅಂತಲ್ಲ. ಎಲ್ಲಿ ಜಾಸ್ತಿ ಸೋರುತ್ತಿದೆಯೋ ಅಲ್ಲಿ ಮೊದಲು ಕೈ ಹಾಕಬೇಕು. ನೀರು ಬಿಸಿ ಮಾಡುವುದು, ಕೋಣೆ ತಣ್ಣಗೆ ಇಲ್ಲವೇ ಬೆಚ್ಚಗೆ ಇಡುವುದು, ಬಿಲ್ ಏರಿಸುವ ದೊಡ್ಡ ಬಾಬತ್ತುಗಳು ಇವೇ.

ಇನ್ನು ನಿಮ್ಮ ಅಸಲಿ ಅನುಮಾನಕ್ಕೆ ಬರೋಣ. ಇಷ್ಟರಿಂದ ಭೂಮಿ ತಣ್ಣಗಾಗುತ್ತಾ? ಇಷ್ಟರಿಂದಲೇ ಆಗುವುದಿಲ್ಲ. ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ವಿದ್ಯುತ್ ಮಾಡಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಭೂಮಿಯ ಬಿಸಿ ಹಿಡಿದಿಡುವ ಅನಿಲ, ಗಾಳಿಗೆ ಸೇರುತ್ತದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಇದನ್ನು ಅಳೆಯಲು ಶುರು ಮಾಡಿದಾಗ, ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಈ ಅನಿಲದ್ದು 315ರ ಹತ್ತಿರ ಇತ್ತು. ಈಗ 420 ದಾಟಿದೆ. ಹೀಗೆ ಸೇರಿದ್ದು ಬೇಗ ಹೋಗುವುದೂ ಇಲ್ಲ, ನೂರಾರು ವರ್ಷ ಉಳಿಯುತ್ತದೆ. ಒಂದು ಮನೆಯ ಸ್ವಿಚ್ಚಿನಿಂದ ಇದು ನಿಲ್ಲುವಂಥದ್ದಲ್ಲ. ವಿದ್ಯುತ್ ಎಲ್ಲಿಂದ ಬರುತ್ತದೆ, ಬಸ್ಸು ರೈಲು ಸಾಕಷ್ಟಿವೆಯಾ, ಹೊಸ ಕಟ್ಟಡವನ್ನು ಗಾಳಿ ಬೆಳಕು ಬರುವ ಹಾಗೆ ಕಟ್ಟುತ್ತಾರಾ, ಇದೆಲ್ಲ ಬದಲಾಗಬೇಕು. ಆ ತೀರ್ಮಾನ ತೆಗೆದುಕೊಳ್ಳುವವರ ಕಿವಿಗೆ ಒಬ್ಬೊಬ್ಬರ ಗೊಣಗಾಟ ಮುಟ್ಟುವುದಿಲ್ಲ. ಜನ ಸೇರಬೇಕಾದದ್ದು ಅದಕ್ಕೇ.

ಸೇರಿದ್ದರಿಂದ ಆದದ್ದೂ ಇದೆ. 1970ರ ಏಪ್ರಿಲ್ 22ರಂದು, ಮೊದಲ ಭೂಮಿ ದಿನದಂದು, ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಜನ ಪಾಲ್ಗೊಂಡರು. ಅದರಲ್ಲಿ ಬಹಳಷ್ಟು ನಡೆದದ್ದು ಶಾಲೆ, ಕಾಲೇಜು, ಸಣ್ಣ ಸಣ್ಣ ಊರುಗಳ ಸಭೆಗಳಲ್ಲಿ. ಅದೇ ವರ್ಷ ಮುಗಿಯುವುದರೊಳಗೆ ಅಲ್ಲಿ ಪರಿಸರಕ್ಕೆಂದೇ ಒಂದು ಸರ್ಕಾರಿ ಸಂಸ್ಥೆ ಶುರುವಾಯಿತು, ಗಾಳಿಯ ಮಾಲಿನ್ಯ ತಡೆಯುವ ಬಿಗಿ ಕಾನೂನು ಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಅಷ್ಟು ಜನ ಮನೆಯಲ್ಲೇ ಕೂತಿದ್ದರೆ ಅಷ್ಟು ಬೇಗ ಆಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ನಮ್ಮ ಜಾಥಾದ ಫಲ ಅಷ್ಟು ದೊಡ್ಡದಲ್ಲ, ಆದರೂ ಹೇಳುತ್ತೇನೆ. ಭಾಷಣ ಮುಗಿದು ಜನ ಚದುರುವ ಹೊತ್ತಿಗೆ ಒಬ್ಬ ಹೆಂಗಸು ಎದ್ದು, ತಮ್ಮ ರಸ್ತೆಯ ಬೀದಿದೀಪ ಬಿಸಿಲು ಬಂದ ಮೇಲೂ ಉರಿಯುತ್ತಲೇ ಇರುತ್ತದೆ ಎಂದರು. ಪಕ್ಕದ ರಸ್ತೆಯವರು ನಮ್ಮಲ್ಲೂ ಹಾಗೇ ಎಂದರು. ಎಲ್ಲರಿಗೂ ದಿನಾ ಕಾಣುತ್ತಿದ್ದ ವಿಷಯ, ಒಬ್ಬರೂ ಇನ್ನೊಬ್ಬರ ಹತ್ತಿರ ಮಾತಾಡಿರಲಿಲ್ಲ. ಅಲ್ಲೇ ಲೆಕ್ಕ ಹಾಕಿದೆವು: 100 ವಾಟ್‌ನ 20 ದೀಪ ದಿನಕ್ಕೆ 3 ಗಂಟೆ ಸುಮ್ನೆ ಉರಿದರೆ ವರ್ಷಕ್ಕೆ 2,190 ಯೂನಿಟ್. ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಮೊದಲ ಸಲ ಕಚೇರಿಯಿಂದ ಉತ್ತರ ಬರಲಿಲ್ಲ. ಮತ್ತೆ ಗುಂಪಾಗಿ ಹೋದೆವು, ಕಂಬಗಳ ನಂಬರ್ ಸಮೇತ. ಕೊನೆಗೆ ಟೈಮರ್ ಸರಿಯಾಯಿತು. ಆ ಹಾಳೆಗೆ ಸಹಿ ಹಾಕಿದವರಲ್ಲಿ ಕೆಲವರು ಈಗಲೂ ಸೇರುತ್ತೇವೆ. ಈಗಿನ ಮಾತು ಶಾಲೆಯ ಮೇಲೆ ಸೋಲಾರ್ ಹಾಕಿಸುವುದರ ಬಗ್ಗೆ.

ಇದಕ್ಕೇ ನಾನು ಕೊನೆಯವರೆಗೂ ಇರಿ ಅನ್ನುವುದು. ಹವಾಮಾನದ ಸುದ್ದಿ ಒಬ್ಬರೇ ಓದುತ್ತಾ ಕೂತರೆ ಎದೆ ಭಾರ ಆಗುತ್ತದೆ ಅಷ್ಟೇ. ಅದೇ ಚಿಂತೆ ಇರುವವರು ಎರಡು ರಸ್ತೆ ಆಚೆಗೇ ಇದ್ದಾರೆ ಅಂತ ಗೊತ್ತಾದರೆ ಮುಂದಿನ ಹೆಜ್ಜೆ ತಾನಾಗಿ ಹೊಳೆಯುತ್ತದೆ.

ಹೋಗುವಾಗ ನಿಮ್ಮ ಕರೆಂಟ್ ಬಿಲ್ ಜೇಬಿನಲ್ಲಿರಲಿ, ಕೇಳುವುದಕ್ಕೆ ಯಾರಾದರೂ ಸಿಗುತ್ತಾರೆ. ಫಲಕ ಬರೆಯುವುದಾದರೆ ಹಳೇ ರಟ್ಟಿನ ಮೇಲೆ ಬರೆಯಿರಿ, ಫ್ಲೆಕ್ಸ್ ಬೇಡವೇ ಬೇಡ. ‘ಭೂಮಿ ಉಳಿಸಿ’ ಅಂತ ಬರೆದರೆ ಓದಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ‘ಈ ರಸ್ತೆಗೆ ಬಸ್ ಬೇಕು’ ಅಂತ ಬರೆದರೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಇದೆಲ್ಲ ಸುಳ್ಳು ಅನ್ನುವವರೂ ಬರುತ್ತಾರೆ, ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಬಿಲ್ ಕಡಿಮೆ ಮಾಡುವ ಮಾತಿಗೆ ಅವರೂ ಕಿವಿ ಕೊಡುತ್ತಾರೆ.

ಕರಪತ್ರದಲ್ಲಿ ಜಾಥಾ ನಡೆಸುವವರ ಫೋನ್ ನಂಬರ್ ಇರುತ್ತದೆ ಅಲ್ವಾ? ಇವತ್ತೇ ಫೋನ್ ಮಾಡಿ, ಕೊನೆಯಲ್ಲಿ ಮನವಿ ಪತ್ರ ಕೊಡುವುದು ಇದೆಯಾ, ಯಾರಿಗೆ ಕೊಡುತ್ತೀರಿ ಅಂತ ಕೇಳಿ. ಇಲ್ಲ ಅಂದರೆ, ಬರೆಯುವುದಕ್ಕೆ ನಾನು ಬರುತ್ತೇನೆ ಅನ್ನಿ.