ಸಮಪಾಲು ಮತ್ತು ನ್ಯಾಯದ ಪಾಲು ಒಂದೇ ಅಲ್ಲ

"ಎಲ್ಲರಿಗೂ ಸಮಪಾಲು ಅನ್ನೋದೇ ರಾಲ್ಸ್ ವಾದ ಅಲ್ವಾ, ಮತ್ತೆ ನೋಜಿಕ್ ತಕರಾರು ಏನು?" ಎಂದು ಕೇಳಿದ್ದೀರಿ. ಅಲ್ಲ, ತುಂಬ ಜನ ಎಡವುವುದು ಇಲ್ಲೇ.

ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ವಾದವನ್ನು ಲೆಕ್ಕದಲ್ಲೇ ನೋಡೋಣ. ಮೂರು ಜನ ಇದ್ದಾರೆ. ಒಂದು ವ್ಯವಸ್ಥೆಯಲ್ಲಿ ತಲಾ 10 ಪಾಲು. ಇನ್ನೊಂದರಲ್ಲಿ 12, 18, 30. ಎಲ್ಲರಿಗೂ ಸಮಾನ ಸ್ವಾತಂತ್ರ್ಯ, ಸಮಾನ ಅವಕಾಶ ಇದ್ದರೆ ರಾಲ್ಸ್ ಎರಡನೆಯದನ್ನೇ ಆರಿಸುತ್ತಾರೆ. ಯಾಕೆಂದರೆ ಎಲ್ಲರಿಗಿಂತ ಕೆಳಗಿರುವವನಿಗೂ 12 ಸಿಗುತ್ತದೆ. ಅದೇ 9, 40, 80 ಆದರೆ ಬೇಡ ಅನ್ನುತ್ತಾರೆ. ಒಟ್ಟು ಎಷ್ಟೇ ಜಾಸ್ತಿ ಇರಲಿ, ಕೆಳಗಿನವನ ಪಾಲು ಕುಗ್ಗಿತಲ್ಲ. ತಾನು ಯಾರಾಗಿ ಹುಟ್ಟುತ್ತೇನೆ ಅಂತ ಗೊತ್ತಿಲ್ಲದೆ ನಿಯಮ ಬರೆಯಬೇಕಾಗಿ ಬಂದರೆ ಯಾರೇ ಆದರೂ ಹೀಗೇ ಯೋಚಿಸುತ್ತಾರೆ ಅನ್ನೋದು ಅವರ ವಾದ.

ಅಮೆರಿಕದ ಇನ್ನೊಬ್ಬ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಈ ಲೆಕ್ಕವನ್ನೇ ಒಪ್ಪಲಿಲ್ಲ. ಯಾರ ಬಳಿ ಎಷ್ಟಿದೆ ಅಂತ ನೋಡಬೇಡಿ, ಅದು ಹೇಗೆ ಬಂತು ಅಂತ ನೋಡಿ ಅನ್ನೋದು ಅವರ ನಿಲುವು. ಮೊದಲು ಎಲ್ಲರಿಗೂ ಸಮಪಾಲು ಇದೆ ಅಂದುಕೊಳ್ಳಿ. ಅವರ ಉದಾಹರಣೆಯಲ್ಲಿ ಹತ್ತು ಲಕ್ಷ ಜನ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ತಲಾ 25 ಸೆಂಟ್ ಖುಷಿಯಿಂದ ಕೊಡುತ್ತಾರೆ. ಅವನ ಕೈಗೆ 2,50,000 ಡಾಲರ್ ಬರುತ್ತದೆ. ಯಾರಿಗೂ ಮೋಸ ಆಗಿಲ್ಲ, ಆದರೂ ಸಮಪಾಲು ಮುರಿಯಿತು. ಇದರಲ್ಲಿ ಅನ್ಯಾಯ ಎಲ್ಲಿ?

ಪ್ರಶ್ನೆ ಗಟ್ಟಿಯಾಗಿದೆ. ಆದರೆ ನನ್ನನ್ನು ಕಾಡುವುದು ಅದಕ್ಕೂ ಹಿಂದಿನದು. ಮೊದಲ ಆಸ್ತಿಯೇ ಕಿತ್ತುಕೊಂಡದ್ದಾಗಿದ್ದರೆ? ಅದನ್ನು ಸರಿಪಡಿಸಬೇಕು ಅಂತ ನೋಜಿಕ್ ಕೂಡ ಒಪ್ಪುತ್ತಾರೆ. ಹೇಗೆ ಅನ್ನೋದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ನೋಜಿಕ್ ಪುಸ್ತಕ ಓದುವಾಗ ಆ ಭಾಗದಲ್ಲಿ ಸ್ವಲ್ಪ ನಿಲ್ಲಿ.